ಕೊಳಚೆ ನೀರಿನ ಮಾದರಿಯಲ್ಲಿ ‘ಇಲ್ಲ’ ಎಂಬುದನ್ನು ಓದಲು ಕಲಿತದ್ದು

ನಗರದ ಒಳಚರಂಡಿ ನೀರಿನಲ್ಲಿ ಕೊರೊನಾ ವೈರಸ್ಸಿನ ಯಾವ ರೂಪಾಂತರಿ ಎಷ್ಟು ಪಾಲಿನಲ್ಲಿದೆ ಎಂದು ವಾರವಾರವೂ ವರದಿ ಕೊಡುವ ತಂಡಕ್ಕೆ ನಾನು ಸೇರಿದ್ದು ಸೀಕ್ವೆನ್ಸಿಂಗ್, ಅಂದರೆ ವೈರಸ್ಸಿನ ಆನುವಂಶಿಕ ಅಕ್ಷರಗಳನ್ನು ಯಂತ್ರದಿಂದ ಓದಿಸಿದ ದತ್ತಾಂಶದ ವಿಶ್ಲೇಷಣೆಗೆಂದು. ಯಂತ್ರದಿಂದ ಬಂದ ಕಡತಗಳನ್ನು ಓದುವುದಷ್ಟೇ ನನ್ನ ಪಾಲಿನ ಕೆಲಸ, ಅದಕ್ಕೆ ಮೊದಲಿನದೆಲ್ಲ ಬೇರೆಯವರ ತಲೆನೋವು ಎಂದುಕೊಂಡಿದ್ದ ನಾನು ಎರಡೇ ವಾರದಲ್ಲಿ ಬೂಟು, ಗ್ಲೌಸು ತೊಟ್ಟು ಶುದ್ಧೀಕರಣ ಘಟಕಕ್ಕೆ ನೀರು ಒಳಬರುವ ಕಾಲುವೆಯ ಪಕ್ಕ ನಿಂತಿದ್ದೆ. ಒಂದು ಮಾದರಿಯಲ್ಲಿ ‘ವೈರಸ್ ಇಲ್ಲ’ ಎಂದು ಬಂದರೆ ಅದು ನಿಜಕ್ಕೂ ಇಲ್ಲವೋ ಅಥವಾ ನಮಗೆ ಕಾಣಲಿಲ್ಲವೋ ಎಂಬುದನ್ನು ಪರದೆಯ ಮುಂದೆ ಕುಳಿತು ಹೇಳಲಾಗದು ಎಂದು ಅಷ್ಟರಲ್ಲಿ ಅರ್ಥವಾಗಿತ್ತು.

ಸೋಂಕು ತಗಲಿದವರಲ್ಲಿ ಹಲವರು, ರೋಗಲಕ್ಷಣ ಇರಲಿ ಇಲ್ಲದಿರಲಿ, ಮಲದೊಂದಿಗೆ ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎಯನ್ನು ಹೊರಹಾಕುತ್ತಾರೆ. ಹೀಗಾಗಿ ಪರೀಕ್ಷೆಗೆ ಹೋಗದವರ ಲೆಕ್ಕವೂ ಚರಂಡಿಗೆ ಸೇರುತ್ತದೆ. ಪೋಲಿಯೊ ನಿಗಾದಲ್ಲಿ ದಶಕಗಳಿಂದ ಬಳಕೆಯಲ್ಲಿದ್ದ ಈ ಉಪಾಯವನ್ನು ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2020ರ ಆರಂಭದಲ್ಲೇ ಕೋವಿಡ್‌ಗೆ ಅನ್ವಯಿಸಿ, ಆಮರ್ಸ್‌ಫೋರ್ಟ್ ನಗರದಲ್ಲಿ ಮೊದಲ ಪ್ರಕರಣಗಳು ವರದಿಯಾಗುವ ಮುನ್ನವೇ ಅಲ್ಲಿನ ಕೊಳಚೆ ನೀರಿನಲ್ಲಿ ವೈರಸ್ಸಿನ ಗುರುತನ್ನು ಪತ್ತೆಹಚ್ಚಿದ್ದರು.

ಮಾದರಿ ತೆಗೆಯುವುದಕ್ಕೆ ನಾವು ಬಳಸುತ್ತಿದ್ದುದು 24 ಗಂಟೆಗಳ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ನೀರು ಹೀರಿ, ಮಂಜುಗಡ್ಡೆಯ ನಡುವೆ ಇಟ್ಟ ಒಂದೇ ಕ್ಯಾನಿಗೆ ತುಂಬುವ ಸ್ವಯಂಚಾಲಿತ ಸ್ಯಾಂಪ್ಲರ್. ಬಾಟಲಿಯನ್ನು ಒಮ್ಮೆ ಮುಳುಗಿಸಿ ತಂದರೆ ಆ ಗಳಿಗೆಯ ನೀರು ಮಾತ್ರ ಸಿಗುತ್ತದೆ, ಬೆಳಗಿನ ಹೊತ್ತಿನ ನೀರಿಗೂ ಮಧ್ಯಾಹ್ನದ ನೀರಿಗೂ ಸಂಬಂಧವೇ ಇರುವುದಿಲ್ಲ. ಆದರೆ ಸ್ಯಾಂಪ್ಲರ್ ಇದ್ದಮಾತ್ರಕ್ಕೆ ನೆಮ್ಮದಿ ಇಲ್ಲ. ಒಂದು ದಿನ ಕ್ಯಾನಿನ ತಳದಲ್ಲಿ ನಾಲ್ಕು ಬೆರಳಿನಷ್ಟೇ ನೀರಿತ್ತು. ಕೊಳವೆಯನ್ನು ಮೇಲಕ್ಕೆಳೆದಾಗ ಅದರ ಬಾಯಿಗೆ ಒದ್ದೆ ಒರಸುಬಟ್ಟೆಗಳು ಕೂದಲಿನ ಸಮೇತ ಹಗ್ಗದಂತೆ ಹೊಸೆದುಕೊಂಡಿದ್ದವು. ರಾತ್ರಿ ಯಾವುದೋ ಹೊತ್ತಿಗೆ ಹೀರುವುದು ನಿಂತುಹೋಗಿತ್ತು. ಅಂದಿನಿಂದ ಕ್ಯಾನಿನಲ್ಲಿ ಎಷ್ಟು ನೀರು ಬಂತೆಂಬುದನ್ನೂ ದಾಖಲೆಯಲ್ಲಿ ಬರೆಯತೊಡಗಿದೆವು.

ಪ್ರಯೋಗಾಲಯದಲ್ಲಿ ಮೊದಲು ಮಾಡಿದ ತಪ್ಪು ಇನ್ನೂ ದೊಡ್ಡದು. ಮಾದರಿಯನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಇಟ್ಟುಕೊಂಡು ತಳದ ಕೆಸರನ್ನು ಎಸೆಯುತ್ತಿದ್ದೆವು. ಈ ವೈರಸ್ಸಿನ ಹೊರಮೈ ಕೊಬ್ಬಿನ ಪೊರೆಯದು, ಅದು ಗಟ್ಟಿ ಕಣಗಳಿಗೆ ಅಂಟಿಕೊಳ್ಳುವುದೇ ಹೆಚ್ಚು. ಅಂದರೆ ಹುಡುಕುತ್ತಿದ್ದ ವಸ್ತುವಿನ ಒಳ್ಳೆಯ ಪಾಲನ್ನು ನಾವೇ ಕಸಕ್ಕೆ ಹಾಕುತ್ತಿದ್ದೆವು.

ಆಮೇಲೆ ಬಂದದ್ದು ಬಹುತೇಕ ಸೊನ್ನೆಯ ವಾರ. ಏರುತ್ತಲೇ ಇದ್ದ ಸಂಖ್ಯೆ ಒಮ್ಮೆಲೇ ನೆಲಕಚ್ಚಿತು. ವರದಿಗೆ ಕಾಯುತ್ತಿದ್ದವರಿಗೆ ಸಂತೋಷವಾಯಿತು, ನಿಜ ಹೇಳಬೇಕೆಂದರೆ ನನಗೂ ಆಯಿತು. ಅದೇ ಮಾದರಿಯಲ್ಲಿ ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್ ಕೂಡ ಎಂದಿಗಿಂತ ಕಡಿಮೆ ಇರುವುದನ್ನು ಪ್ರಯೋಗಾಲಯದ ಸಹೋದ್ಯೋಗಿಯೊಬ್ಬರು ತೋರಿಸಿಕೊಟ್ಟರು. ಅದು ಮೆಣಸಿನ ಗಿಡದ ವೈರಸ್. ಮೆಣಸಿನಕಾಯಿ ತಿಂದವರ ಹೊಟ್ಟೆಯಿಂದ ಯಾವ ತೊಂದರೆಯನ್ನೂ ಕೊಡದೆ ಹೊರಬೀಳುವುದರಿಂದ, ನೀರಿನಲ್ಲಿ ಮನುಷ್ಯರ ಮಲದ ಪ್ರಮಾಣ ಎಷ್ಟಿದೆ ಎಂಬುದಕ್ಕೆ ಅದನ್ನು ಅಳತೆಗೋಲಾಗಿ ಬಳಸುತ್ತಾರೆ. ಊರಿನ ಜನ ಒಂದೇ ವಾರದಲ್ಲಿ ಖಾಲಿಯಾಗುವುದಿಲ್ಲವಲ್ಲ! ಆ ವಾರ ಜೋರು ಮಳೆ ಬಂದು ಬೀದಿಯ ನೀರೆಲ್ಲ ಒಳಚರಂಡಿಗೆ ನುಗ್ಗಿತ್ತು. ಮಾದರಿ ತೆಳುವಾದದ್ದು ಒಂದು ಕಾರಣ, ಮಳೆನೀರಿನೊಂದಿಗೆ ಬಂದ ಮಣ್ಣಿನ ಹ್ಯೂಮಿಕ್ ಆಮ್ಲದಂಥ ವಸ್ತುಗಳು ಪಿಸಿಆರ್ (ವೈರಸ್ಸಿನ ಗುರುತನ್ನು ಪ್ರತಿ ಆವರ್ತದಲ್ಲೂ ಇಮ್ಮಡಿಸುತ್ತ ಪತ್ತೆಹಚ್ಚುವ ಪರೀಕ್ಷೆ) ಕಿಣ್ವವನ್ನೇ ತಡೆಯುತ್ತಿದ್ದುದು ಇನ್ನೊಂದು. ಆರ್‌ಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ನಡೆಸಿದೆವು. ಲೆಕ್ಕದ ಪ್ರಕಾರ ಸಂಕೇತ ಸುಮಾರು 3.3 ಆವರ್ತ ತಡವಾಗಿ ಬರಬೇಕು. ಅದು ಮೊದಲಿಗಿಂತ ಬೇಗನೆ ಬಂತು. ತಡೆಯುವ ವಸ್ತು ತೆಳುವಾದೊಡನೆ ಅಡಗಿದ್ದ ವೈರಸ್ ಕಾಣಿಸಿಕೊಂಡಿತ್ತು.

ಇಷ್ಟೆಲ್ಲ ಆದ ಮೇಲೆ ಸೀಕ್ವೆನ್ಸಿಂಗ್ ಹಂತದಲ್ಲಿ, ಕಾಣದ್ದನ್ನು ‘ಇಲ್ಲ’ ಎಂದುಕೊಳ್ಳುವ ಅದೇ ತಪ್ಪನ್ನು ನಾನೇ ಮಾಡಿದೆ. ಸುಮಾರು 30,000 ಅಕ್ಷರಗಳ ಈ ವೈರಸ್ಸಿನ ಜೀನೋಮನ್ನು (ಪೂರ್ಣ ಆನುವಂಶಿಕ ಬರಹವನ್ನು), ತುಣುಕುಗಳ ತುದಿಗಳಲ್ಲಿ ಕೂತು ನಕಲು ಶುರುಮಾಡಿಸುವ ಆರ್ಟಿಕ್ ಎಂಬ ಸಿದ್ಧ ಗುಂಪಿನ ಪ್ರೈಮರ್‌ಗಳ ಮೂಲಕ ತಲಾ 400 ಅಕ್ಷರಗಳ ಆಸುಪಾಸಿನ, ಒಂದರ ಮೇಲೊಂದು ತುಸು ಹಾಯುವ ತುಣುಕುಗಳಾಗಿ ವರ್ಧಿಸುತ್ತೇವೆ, ಅಂದರೆ ಅವುಗಳ ಪ್ರತಿಗಳನ್ನು ಹೆಚ್ಚಿಸುತ್ತೇವೆ. ಆಸ್ಪತ್ರೆಯ ಮಾದರಿ ಒಬ್ಬ ರೋಗಿಯದು, ಚರಂಡಿಯದು ಊರಿನದು. ಸಾವಿರಾರು ಜನರ ವೈರಸ್ಸುಗಳ ಚೂರುಗಳು ಬೆರೆತಿರುವಾಗ ಇಡೀ ಜೀನೋಮನ್ನು ಜೋಡಿಸುವ ಪ್ರಶ್ನೆಯೇ ಏಳುವುದಿಲ್ಲ. ಪ್ರತಿ ಸ್ಥಾನದಲ್ಲೂ ಬದಲಾದ ಅಕ್ಷರ ಶೇಕಡಾ ಎಷ್ಟು ಎಂದು ನೋಡಿ, ಯಾವ ಯಾವ ರೂಪಾಂತರಿಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಿದರೆ ಆ ಚಿತ್ರ ಸಿಗುತ್ತದೆ ಎಂದು ಫ್ರೇಯಾ ಎಂಬ ತಂತ್ರಾಂಶ ಲೆಕ್ಕ ಹಾಕುತ್ತದೆ. ಅದರ ಜೊತೆಗೆ, ಮುಖ್ಯ ಬದಲಾವಣೆಗಳನ್ನಷ್ಟೇ ತೋರಿಸುವ ಕೋಷ್ಟಕಕ್ಕೆಂದು ನಾನೊಂದು ಚಿಕ್ಕ ಸ್ಕ್ರಿಪ್ಟ್ ಬರೆದಿದ್ದೆ. 2021ರ ನವೆಂಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆ ಓಮಿಕ್ರಾನ್ ಎಂದು ಹೆಸರಿಟ್ಟ ರೂಪಾಂತರಿಯ ಸ್ಪೈಕ್ (ಹೊರಮೈಯ ಮುಳ್ಳಿನಂಥ ಪ್ರೋಟೀನು) ಭಾಗದಲ್ಲಿ ಪ್ರೈಮರ್ ಕೂರಬೇಕಾದ ಜಾಗಗಳೇ ಬದಲಾಗಿದ್ದವು. ಅದರಿಂದ ಕೆಲವು ತುಣುಕುಗಳು ವರ್ಧಿಸುತ್ತಲೇ ಇರಲಿಲ್ಲ. ಓದುಗಳೇ (ಯಂತ್ರ ಓದಿದ ಚೂರುಗಳೇ) ಇಲ್ಲದ ಆ ಸ್ಥಾನಗಳಿಗೆ ನನ್ನ ಸ್ಕ್ರಿಪ್ಟ್ ಖಾಲಿ ಬಿಡುವ ಬದಲು ಸೊನ್ನೆ ತುಂಬುತ್ತಿತ್ತು. ಕೋಷ್ಟಕ ನೋಡಿದವರಿಗೆ ‘ಬದಲಾವಣೆ ಶೇಕಡಾ 0’ ಎಂದೇ ಕಾಣುತ್ತಿತ್ತು.

ಅಂಥ ಸ್ಥಾನಗಳನ್ನು ಈಗ ಖಾಲಿ ಬಿಟ್ಟು, ಪಕ್ಕದಲ್ಲಿ ಓದುಗಳ ಸಂಖ್ಯೆಯನ್ನೂ ಬರೆಯುತ್ತೇವೆ. ಫ್ರೇಯಾ ಯಾವುದೋ ಹೊಸ ರೂಪಾಂತರಿ ಶೇಕಡಾ 1ರಷ್ಟಿದೆ ಎಂದರೆ ಅದನ್ನೂ ನಾನು ಕೂಡಲೇ ಒಪ್ಪುವುದಿಲ್ಲ. ಅದಕ್ಕೆ ವಿಶಿಷ್ಟವಾದ ಎರಡು ಮೂರು ಬದಲಾವಣೆಗಳು ಒಂದೇ ತುಣುಕಿನ ಮೇಲೆ ಒಟ್ಟಿಗೆ ಸಿಕ್ಕಿ, ಮುಂದಿನ ಮಾದರಿಯಲ್ಲೂ ಹಾಗೆಯೇ ಸಿಕ್ಕರೆ ಮಾತ್ರ ವರದಿಗೆ ಸೇರಿಸುತ್ತೇನೆ. ಇದರಿಂದ ಕೆಲವು ದಿನ ತಡವಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ, ಆದರೂ ಹುಸಿ ಎಚ್ಚರಿಕೆ ಕೊಟ್ಟ ತಂಡದ ಮುಂದಿನ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ.

ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಆರ್‌ಎನ್‌ಎ ಕೆಡುತ್ತದಾದ್ದರಿಂದ ಪ್ರತಿ ಮಾದರಿಯದನ್ನೂ ಪುಟ್ಟ ಪುಟ್ಟ ನಳಿಕೆಗಳಲ್ಲಿ ಹಂಚಿ ಮೈನಸ್ 80 ಡಿಗ್ರಿಯಲ್ಲಿ ಇಟ್ಟಿರುತ್ತೇವೆ. ಓಮಿಕ್ರಾನ್‌ಗೆ ಹೊಂದುವಂತೆ ತಿದ್ದಿದ ಆರ್ಟಿಕ್ 4.1 ಪ್ರೈಮರ್‌ಗಳು ಕೈಗೆ ಬಂದಾಗ, ಹಿಂದಿನ ವಾರಗಳ ಒಂದೊಂದು ನಳಿಕೆಯನ್ನು ಹೊರತೆಗೆದು ಮತ್ತೆ ಓಡಿಸಿದೆವು. ನನ್ನ ಕೋಷ್ಟಕ ಸೊನ್ನೆ ತೋರಿಸಿದ್ದ ಎರಡು ವಾರಗಳಲ್ಲೂ ಓಮಿಕ್ರಾನ್ ಇತ್ತು.