ಉದುರಿದ ಎಲೆ, ಉಣ್ಣೆಯ ಉಂಡೆ

ಸಂಜೆ ಬೇಗ ದೀಪ ಹಾಕುವಂತಾಯಿತು ಎಂದರೆ ನನಗೆ ಖುಷಿ. ಹೊರಗೆ ಆಡುತ್ತಿದ್ದ ಮಕ್ಕಳು ಒಳಗೆ ಬರುತ್ತಾರೆ. ದುಡಿದು ಬಂದವರು ಮತ್ತೆ ಹೊರಗೆ ಹೊರಡುವುದಿಲ್ಲ. ಒಂದೇ ದೀಪದ ಕೆಳಗೆ ಮನೆಯವರೆಲ್ಲ ಸೇರುವ ಕಾಲ ಇದು. ಶರತ್ಕಾಲದ ಕೆಲಸಕ್ಕೆ ತಾಳ್ಮೆ ಬೇಕು. ಇವತ್ತು ಮಾಡಿದ್ದು ಇವತ್ತೇ ಕೈಗೆ ಸಿಗುವುದಿಲ್ಲ. ಈಗ ಹೂತ ಗಡ್ಡೆ ವಸಂತಕ್ಕೆ ಹೂ ಬಿಡುತ್ತದೆ. ಈಗ ಗುಡ್ಡೆ ಹಾಕಿದ ಎಲೆ ಗೊಬ್ಬರ ಆಗುವುದು ಮುಂದಿನ ವರ್ಷ. ಹಾಗಾಗಿ ಅವಸರ ಬೇಡ. ದಿನಕ್ಕೆ ಒಂದು ಸಣ್ಣ ಕೆಲಸ ಹಿಡಿಯಿರಿ. ಅದನ್ನು ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ಮೊದಲು ಎಲೆಯ ವಿಷಯ. ಕಸ ಎಂದು ಗುಡಿಸುವ ಮುಂಚೆ ಮಕ್ಕಳನ್ನು ಕರೆದು ಒಂದೊಂದು ಬಣ್ಣದ್ದು ಆರಿಸಲು ಹೇಳಿ. ಎಲೆಗೆ ಈ ಬಣ್ಣ ಎಲ್ಲಿಂದ ಬಂತು ಎಂದು ಕೇಳಿಯೇ ಕೇಳುತ್ತಾರೆ. ಹಗಲು ಚಿಕ್ಕದಾದಾಗ ಮರ ಹಸಿರು ಬಣ್ಣ ತಯಾರಿಸುವುದನ್ನು ನಿಲ್ಲಿಸುತ್ತದೆ. ಇದ್ದ ಹಸಿರು ಕರಗಿದ ಮೇಲೆ, ಬೇಸಿಗೆಯಿಡೀ ಅದರ ಅಡಿಯಲ್ಲೇ ಅಡಗಿದ್ದ ಹಳದಿ ಕಾಣಿಸುತ್ತದೆ. ಕೆಂಪಿನ ಕಥೆ ಬೇರೆ. ಅದು ಎಲೆಯಲ್ಲಿ ಉಳಿದ ಸಕ್ಕರೆಯಿಂದ ಹೊಸದಾಗಿ ಹುಟ್ಟುವ ಬಣ್ಣ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹಿಮ ಬೀಳದಷ್ಟು ತಂಪು ಇದ್ದ ವರ್ಷ ಕೆಂಪು ಜಾಸ್ತಿ. ಇದನ್ನು ಮಕ್ಕಳಿಗೆ ಎಲೆ ಕೈಯಲ್ಲಿ ಹಿಡಿದುಕೊಂಡೇ ಹೇಳಿ. ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಆರಿಸಿದ ಎಲೆಗಳನ್ನು ಒತ್ತಿ ಇಡುವುದಾದರೆ ಅವತ್ತೇ ಉದುರಿದವನ್ನು ತೆಗೆದುಕೊಳ್ಳಿ. ಮುದುಡಿದ ಎಲೆ ಒತ್ತಿದರೆ ಪುಡಿಯಾಗುತ್ತದೆ. ಒದ್ದೆ ಇದ್ದರೆ ಬಟ್ಟೆಯಲ್ಲಿ ಒರೆಸಿ, ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒಂದಕ್ಕೊಂದು ತಾಗದ ಹಾಗೆ ಹರಡಿ, ಮೇಲೆ ದಪ್ಪ ಪುಸ್ತಕಗಳ ಭಾರ ಹೇರಿ. ಮರುದಿನ ಕಾಗದ ಬದಲಿಸುವುದನ್ನು ಮರೆಯಬೇಡಿ. ಮೊದಲ ದಿನವೇ ಎಲೆ ಜಾಸ್ತಿ ನೀರು ಬಿಡುತ್ತದೆ. ಒದ್ದೆ ಕಾಗದದಲ್ಲೇ ಉಳಿದರೆ ಬೂಸ್ಟು ಹಿಡಿಯುತ್ತದೆ. ಒಂದರಿಂದ ಎರಡು ವಾರದಲ್ಲಿ ಗರಿಗರಿ ಒಣಗಿರುತ್ತದೆ. ಅದನ್ನು ಚೌಕಟ್ಟಿನಲ್ಲಿ ಹಾಕಿದರೆ ಬಿಸಿಲು ಬೀಳುವ ಗೋಡೆಗೆ ಮಾತ್ರ ತೂಗುಹಾಕಬೇಡಿ. ಬಣ್ಣ ಬೇಗ ಹೋಗಿಬಿಡುತ್ತದೆ.

ಇಡೀ ರೆಂಬೆಯನ್ನೇ ಹೂದಾನಿಯಲ್ಲಿ ಇಡುವ ಆಸೆಯಿದ್ದರೆ ಗ್ಲಿಸರಿನ್ ತನ್ನಿ. ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ಬಿಸಿನೀರು ಕಲಸಿ, ರೆಂಬೆಯ ಬುಡವನ್ನು ಸ್ವಲ್ಪ ಜಜ್ಜಿ ಅದರಲ್ಲಿ ನಿಲ್ಲಿಸಬೇಕು. ರೆಂಬೆ ನೀರಿನ ಜೊತೆ ಗ್ಲಿಸರಿನ್ನನ್ನೂ ಮೇಲಕ್ಕೆಳೆಯುತ್ತದೆ. ನೀರು ಆರಿದರೂ ಗ್ಲಿಸರಿನ್ ಒಳಗೇ ಉಳಿದು ಎಲೆ ಮೆತ್ತಗಿರುತ್ತದೆ. ಆದರೆ ಇದನ್ನು ಎಲೆ ಬಣ್ಣ ಬದಲಿಸುವ ಮೊದಲೇ ಮಾಡಬೇಕು. ಉದುರಲು ಸಿದ್ಧವಾದ ಎಲೆ ನೀರು ಎಳೆಯುವುದನ್ನು ನಿಲ್ಲಿಸಿರುತ್ತದೆ. ನಾನು ಎರಡು ವರ್ಷ ತಡ ಮಾಡಿ, ಎಲ್ಲ ಉದುರಿಸಿಕೊಂಡು, ಆಮೇಲೆ ಇದನ್ನು ಕಲಿತೆ.

ಉಳಿದ ಎಲೆ ರಾಶಿಗೆ ದಯವಿಟ್ಟು ಬೆಂಕಿ ಇಡಬೇಡಿ. ಹೊಗೆ ಮನೆಯ ಮಕ್ಕಳು, ಮುದುಕರು ಎಲ್ಲರ ಎದೆಗೂ ಕೆಟ್ಟದ್ದು. ಮಣ್ಣಿಗೆ ಸೇರಬೇಕಾದದ್ದು ಸುಮ್ನೆ ಬೂದಿಯಾಗುತ್ತದೆ. ತೋಟದ ಮೂಲೆಯಲ್ಲಿ ನಾಲ್ಕು ಗೂಟ ನೆಟ್ಟು, ಸುತ್ತ ತಂತಿ ಬಲೆ ಕಟ್ಟಿ. ಉದ್ದಗಲ ಒಂದೊಂದು ಮೀಟರ್ ಇದ್ದರೆ ಸಾಕು. ಎಲೆ ತುಂಬಿ, ನೀರು ಚಿಮುಕಿಸಿ, ಕಾಲಿನಿಂದ ತುಳಿಯಿರಿ. ಈ ತುಳಿಯುವ ಕೆಲಸವನ್ನು ಮಕ್ಕಳಿಗೇ ಬಿಡಿ, ಅವರಷ್ಟು ಚೆನ್ನಾಗಿ ನಮಗೆ ಬರುವುದಿಲ್ಲ. ಅಡುಗೆಮನೆ ಕಸದ ಗೊಬ್ಬರದ ಹಾಗೆ ಇದು ಬಿಸಿಯಾಗುವುದಿಲ್ಲ. ಇಲ್ಲಿ ಹೆಚ್ಚಿನ ಕೆಲಸ ಮಾಡುವುದು ಶಿಲೀಂಧ್ರ. ಅದು ನಿಧಾನ, ಆದರೆ ಯಾರೂ ತಿರುವಿ ಹಾಕಬೇಕಿಲ್ಲ. ಒಣಗಿದರೆ ಮಾತ್ರ ನೀರು ಕೊಡಿ. ಒಂದು ವರ್ಷಕ್ಕೆ ಗಿಡದ ಬುಡಕ್ಕೆ ಹೊದಿಸುವಷ್ಟು ಮಾಗುತ್ತದೆ. ಎರಡು ವರ್ಷ ಬಿಟ್ಟರೆ ಕೈಯಲ್ಲಿ ಉದುರುವ ಕಪ್ಪು ಮಣ್ಣು. ಕಾಡಿನಲ್ಲಿ ಮಳೆ ನಿಂತಾಗ ಬರುವ ವಾಸನೆ ಅದಕ್ಕೆ ಇರುತ್ತದೆ. ತೆಳು ಎಲೆ ಬೇಗ ಕೊಳೆಯುತ್ತದೆ, ದಪ್ಪ ಚರ್ಮದಂಥ ಎಲೆ ತಡ. ಅಂಥವನ್ನು ಮೊದಲು ಕತ್ತರಿಸಿ ಹಾಕಿ. ರೋಗ ಬಂದ ಗಿಡದ ಎಲೆಯನ್ನು ಈ ರಾಶಿಗೆ ಸೇರಿಸಬೇಡಿ.

ಇದೇ ದಿನಗಳಲ್ಲಿ ಗಡ್ಡೆ ನೆಡಬೇಕು. ಟ್ಯುಲಿಪ್, ಡ್ಯಾಫೋಡಿಲ್ ಗಡ್ಡೆಗಳಿಗೆ ಹಲವು ವಾರ ಚಳಿ ತಾಗದಿದ್ದರೆ ವಸಂತದಲ್ಲಿ ಹೂ ಸರಿಯಾಗಿ ಬರುವುದಿಲ್ಲ. ಗಡ್ಡೆಯ ಎತ್ತರದ ಎರಡು ಮೂರು ಪಟ್ಟು ಆಳ ತೋಡಿ, ಚೂಪು ತುದಿ ಮೇಲೆ ಮಾಡಿ ಇಡಿ. ಬೆಳ್ಳುಳ್ಳಿಯನ್ನೂ ಈಗಲೇ ಹಾಕಿ. ದಪ್ಪ ಎಸಳು ಆರಿಸಿ, 15 ಸೆಂ.ಮೀ. ಅಂತರದಲ್ಲಿ. ಒಂದು ಎಚ್ಚರಿಕೆ ಹೇಳಲೇಬೇಕು. ಹೂವಿನ ಗಡ್ಡೆ ನೋಡಲು ಈರುಳ್ಳಿಯ ಹಾಗೇ ಇರುತ್ತದೆ, ಡ್ಯಾಫೋಡಿಲ್ ಗಡ್ಡೆಯಂತೂ ವಿಷ. ಅಡುಗೆಮನೆಯ ಹತ್ತಿರ ಇಡಬೇಡಿ. ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆಯಿರಿ.

ಈಗ ದೀಪದ ಕೆಳಗಿನ ಕೆಲಸಕ್ಕೆ ಬರುತ್ತೇನೆ. ನನಗೆ ಇದೇ ಹೆಚ್ಚು ಇಷ್ಟ. ಲಡಿಯಲ್ಲಿರುವ ಉಣ್ಣೆಯನ್ನು ಉಂಡೆ ಮಾಡುವಾಗ ಕುರ್ಚಿಗೆ ಸಿಕ್ಕಿಸಬೇಡಿ. ಯಾರನ್ನಾದರೂ ಎದುರು ಕೂರಿಸಿ, ಅವರ ಎರಡೂ ಕೈಗೆ ಲಡಿ ಹಾಕಿ. ಹದಿನೈದು ನಿಮಿಷ ಅವರು ಎದ್ದು ಹೋಗುವ ಹಾಗಿಲ್ಲ, ಕೈಯಲ್ಲಿ ಫೋನ್ ಹಿಡಿಯುವ ಹಾಗಿಲ್ಲ. ನನ್ನ ಮಗ ಶಾಲೆಯಲ್ಲಿ ಆಗಿದ್ದ ಒಂದು ಬೇಸರವನ್ನು ಹೀಗೆ ಕೂತಾಗಲೇ ಹೇಳಿದ್ದು. ಎಷ್ಟೋ ದಿನದಿಂದ ಕೇಳಿದರೂ ಹೇಳಿರಲಿಲ್ಲ. ಕೈ ಕೆಲಸದಲ್ಲಿದ್ದು, ಎದುರಿನವರ ಕಣ್ಣು ದಾರದ ಮೇಲಿದ್ದಾಗ ಮಾತು ತಾನಾಗಿ ಹೊರಗೆ ಬರುತ್ತದೆ, ಅಲ್ವಾ? ಉಂಡೆಯನ್ನು ಸಡಿಲವಾಗಿ ಸುತ್ತಿ. ಬಿಗಿ ಸುತ್ತಿದರೆ ಉಣ್ಣೆ ಎಳೆದುಕೊಂಡಿರುತ್ತದೆ, ಹೆಣೆದು ತೊಳೆದ ಮೇಲೆ ಕುಗ್ಗುತ್ತದೆ.

ಸ್ವೆಟರ್ ಶುರು ಮಾಡುವ ಮೊದಲು ಅಂಗೈಗಿಂತ ಸ್ವಲ್ಪ ದೊಡ್ಡ ಮಾದರಿ ಹೆಣೆದು, ತೊಳೆದು, ಒಣಗಿಸಿ ಅಳೆಯಿರಿ. ಒಂದು ಸಂಜೆ ಹೋಗುತ್ತದೆ ಎಂದು ಬಿಡಬೇಡಿ. 10 ಸೆಂ.ಮೀ.ಗೆ 20 ಹೊಲಿಗೆ ಬರಬೇಕಾದಲ್ಲಿ ನಿಮ್ಮ ಕೈಗೆ 22 ಬಂದರೆ, 100 ಸೆಂ.ಮೀ. ಎದೆಯಳತೆಗೆ ಎಂದು ಹಾಕಿದ 200 ಹೊಲಿಗೆ 91 ಸೆಂ.ಮೀ. ಕೂಡ ದಾಟುವುದಿಲ್ಲ. ಎರಡೇ ಹೊಲಿಗೆಗೆ 9 ಸೆಂ.ಮೀ. ಹೋಯಿತು. ಇಂಥ ಒಂದು ಸ್ವೆಟರನ್ನು ನಾನು ಕತ್ತಿನ ತನಕ ಹೆಣೆದು ಪೂರ್ತಿ ಬಿಚ್ಚಿದ್ದೇನೆ. ಆ ವರ್ಷ ಯಜಮಾನರಿಗೆ ಹೊಸ ಸ್ವೆಟರ್ ಸಿಕ್ಕಿದ್ದು ಚಳಿ ಮುಗಿದ ಮೇಲೆ. ಬೆಳಕಿನ ಮಾತೂ ಹೇಳಿಬಿಡುತ್ತೇನೆ. ಬಲಗೈಯವರಿಗೆ ದೀಪ ಎಡಭುಜದ ಹಿಂದೆ ಇರಲಿ, ಎಡಗೈಯವರಿಗೆ ಬಲಕ್ಕೆ. ಕೈಯ ನೆರಳು ಹೊಲಿಗೆಯ ಮೇಲೆ ಬೀಳುವುದಿಲ್ಲ.

ಬಿಳಿ ಉಣ್ಣೆ ಇದ್ದರೆ ಒಂದು ರಜೆಯ ದಿನ ಈರುಳ್ಳಿ ಸಿಪ್ಪೆಯಲ್ಲಿ ಬಣ್ಣ ಹಾಕಿ ನೋಡಿ. ಮೇಲಿನ ಒಣ ಸಿಪ್ಪೆಯನ್ನು ಈಗಿನಿಂದಲೇ ಕೂಡಿಡಿ, ಉಣ್ಣೆಯ ತೂಕದಷ್ಟೇ ಸಿಪ್ಪೆ ಬೇಕು. 100 ಗ್ರಾಂ ಉಣ್ಣೆಗೆ 10 ಗ್ರಾಂ ಪಟಿಕ ಬಿಸಿನೀರಿನಲ್ಲಿ ಕರಗಿಸಿ. ಅದಕ್ಕೆ ಇನ್ನಷ್ಟು ನೀರು ಸೇರಿಸಿ ಆರಲು ಬಿಡಿ. ಮೊದಲೇ ನೆನೆಸಿಟ್ಟ ಉಣ್ಣೆ ಹಾಕಿ, ನಿಧಾನವಾಗಿ ಬಿಸಿ ಮಾಡಿ, ಕುದಿ ಬರುವ ಸ್ವಲ್ಪ ಮೊದಲಿನ ಬಿಸಿಯಲ್ಲಿ ಒಂದು ಗಂಟೆ ಇಡಿ. ಬಣ್ಣ ಕಚ್ಚಿಕೊಳ್ಳುವುದು ಈ ಪಟಿಕದಿಂದ. ಇನ್ನೊಂದು ಪಾತ್ರೆಯಲ್ಲಿ ಸಿಪ್ಪೆಯನ್ನು ಒಂದು ಗಂಟೆ ಬೇಯಿಸಿ, ಸೋಸಿ, ಆರಿದ ಮೇಲೆ ಉಣ್ಣೆಯನ್ನು ಅದರಲ್ಲಿ ಮತ್ತೆ ಹಾಗೇ ಕಾಯಿಸಿ. ಹೊಂಬಣ್ಣದಿಂದ ಕಿತ್ತಳೆಯ ತನಕ ಯಾವುದಾದರೂ ಬರಬಹುದು. ಉಣ್ಣೆಯನ್ನು ಕುದಿಸಬೇಡಿ, ಬಿಸಿಯಿಂದ ತೆಗೆದು ತಣ್ಣೀರಿಗೆ ಹಾಕಬೇಡಿ, ಜೋರಾಗಿ ಕಲಕಬೇಡಿ. ಅದು ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯ ತುಂಡಿನಂತಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಈ ಪಾತ್ರೆಗಳನ್ನು ಅಡುಗೆಗೆ ಮತ್ತೆ ಬಳಸಬೇಡಿ.

ಪೆಟ್ಟಿಗೆಯಿಂದ ಹಳೆಯ ಉಣ್ಣೆ ಬಟ್ಟೆ ತೆಗೆಯುವಾಗ ತೂತು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಹಾರುವ ಪತಂಗ ಬಟ್ಟೆ ತಿನ್ನುವುದಿಲ್ಲ, ಅದರ ಮರಿಹುಳ ತಿನ್ನುತ್ತದೆ. ಬೆವರು, ಕೊಳೆ ಇರುವ ಜಾಗ ಅದಕ್ಕೆ ಇಷ್ಟ. ತೊಳೆಯದೆ ಎತ್ತಿಡಬಾರದು ಎಂದು ಹಿರಿಯರು ಹೇಳುತ್ತಿದ್ದದ್ದು ಅದಕ್ಕೇ.

ಕೊನೆಗೆ ಬೀಜ. ಚೆಂಡುಹೂವು, ಹುರುಳಿಕಾಯಿ ಇವೆಲ್ಲ ಗಿಡದಲ್ಲೇ ಒಣಗಲಿ. ಕಾಯಿ ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಬರಬೇಕು. ಬಿಡಿಸಿ, ನೆರಳಿನಲ್ಲಿ ಒಂದೆರಡು ವಾರ ಕಾಗದದ ಮೇಲೆ ಹರಡಿ. ಟೊಮೆಟೊ ಬೀಜವನ್ನು ಅದರ ಲೋಳೆಯ ಸಮೇತ ಎರಡು ಮೂರು ದಿನ ಲೋಟದಲ್ಲಿ ಹುಳಿಯಲು ಬಿಟ್ಟು ತೊಳೆದರೆ ಲೋಳೆ ಬಿಟ್ಟು ಸ್ವಚ್ಛವಾಗುತ್ತದೆ. ಹೈಬ್ರಿಡ್ ತಳಿಯ ಬೀಜ ಎತ್ತಿಡಬೇಡಿ, ತಾಯಿಗಿಡದಂತೆ ಬರುವುದಿಲ್ಲ. ಒಣಗಿದ್ದನ್ನು ಕಾಗದದ ಪೊಟ್ಟಣಕ್ಕೆ ಹಾಕಿ, ಗಾಜಿನ ಡಬ್ಬಿಯಲ್ಲಿ ಮುಚ್ಚಿ, ತಂಪು ಜಾಗದಲ್ಲಿಡಿ. ಟೊಮೆಟೊ ಬೀಜ ನಾಲ್ಕು ವರ್ಷವಾದರೂ ಮೊಳೆಯುತ್ತದೆ. ಈರುಳ್ಳಿಯದು ಒಂದೆರಡು ವರ್ಷಕ್ಕೇ ಸತ್ತುಹೋಗುತ್ತದೆ, ಹಾಗಾಗಿ ಹೆಸರಿನ ಜೊತೆ ಇಸವಿ ಇರಲೇಬೇಕು.

ಪೊಟ್ಟಣ ಮಡಚುವುದು, ಬರೆಯುವುದು ಮಕ್ಕಳ ಪಾಲಿನ ಕೆಲಸ. ಕಳೆದ ವರ್ಷದ್ದೊಂದು ಈಗ ನನ್ನ ಮುಂದಿದೆ. ಮೊಮ್ಮಗಳು ಅದರ ಮೇಲೆ ಚೆಂಡುಹೂವು ಬಿಡಿಸಿ, ಹೂವಿಗಿಂತ ದೊಡ್ಡದಾಗಿ ತನ್ನ ಹೆಸರು ಬರೆದಿದ್ದಾಳೆ. ಒಳಗೆ ಇನ್ನೂ ಅರ್ಧ ಹಿಡಿ ಬೀಜ ಇದೆ. ವಸಂತ ಬಂದ ಕೂಡಲೇ ಬಾಗಿಲ ಪಕ್ಕದ ಪಾತಿಗೆ ಹಾಕಬೇಕು ಎಂದು ಈಗಾಗಲೇ ಹೇಳಿಟ್ಟಿದ್ದಾಳೆ.