ಮುಚ್ಚಿಟ್ಟ ಲ್ಯಾಪ್‌ಟಾಪ್‌ನ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಇಳಿಯದಂತೆ ನೋಡಿಕೊಳ್ಳುವುದು ಹೇಗೆ?

ರಾತ್ರಿ ಶೇ 80ರಷ್ಟು ಚಾರ್ಜ್ ಇದ್ದ ಲ್ಯಾಪ್‌ಟಾಪ್‌ನ ಮುಚ್ಚಳ ಮುಚ್ಚಿಟ್ಟು ಬೆಳಿಗ್ಗೆ ತೆರೆದರೆ ಶೇ 40ಕ್ಕೆ ಇಳಿದಿರುತ್ತದೆ. ಬ್ಯಾಗಿನೊಳಗಿದ್ದರೆ ಮುಟ್ಟಿದಾಗ ಬಿಸಿಯೂ ತಾಗುತ್ತದೆ. ಬ್ಯಾಟರಿ ಹಳತಾಯಿತೆಂದು ಭಾವಿಸಿ ಹೊಸದಕ್ಕೆ ಹಣ ಕೊಡುವ ಮುನ್ನ, ಮುಚ್ಚಿದ ಮೇಲೆ ಯಂತ್ರ ನಿಜಕ್ಕೂ ಮಲಗುತ್ತಿದೆಯೇ ಎಂದು ಪರೀಕ್ಷಿಸುವುದು ಒಳ್ಳೆಯದು. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಮನೆಯಲ್ಲೇ, ಬೇರೆ ಯಾವ ತಂತ್ರಾಂಶವನ್ನೂ ಹಾಕಿಕೊಳ್ಳದೆ ಮಾಡಬಹುದು.

ವಿಂಡೋಸ್‌ನಲ್ಲಿ ಸ್ಲೀಪ್ ಎಂಬುದು ಎರಡು ಬಗೆಯದು. ಹಳೆಯ ಬಗೆಯಾದ ಎಸ್3ರಲ್ಲಿ ಪ್ರೊಸೆಸರ್, ಡಿಸ್ಕ್, ವೈಫೈ ಹೆಚ್ಚುಕಡಿಮೆ ಎಲ್ಲವೂ ಆರಿ, ತೆರೆದಿಟ್ಟ ಕಡತಗಳನ್ನು ಹಿಡಿದಿಡುವ ರ‍್ಯಾಮ್‌ಗೆ ಮಾತ್ರ ಒಂದಿಷ್ಟು ವಿದ್ಯುತ್ ಹರಿಯುತ್ತಿರುತ್ತದೆ. ಹೊಸ ಬಗೆಗೆ ಮಾಡರ್ನ್ ಸ್ಟ್ಯಾಂಡ್‌ಬೈ ಅಥವಾ ಎಸ್0 ಎಂದು ಹೆಸರು. 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ಕನೆಕ್ಟೆಡ್ ಸ್ಟ್ಯಾಂಡ್‌ಬೈ ವ್ಯವಸ್ಥೆಯೇ ವಿಂಡೋಸ್ 10ರಲ್ಲಿ ಈ ರೂಪ ಪಡೆಯಿತು. ಇದರಲ್ಲಿ ಲ್ಯಾಪ್‌ಟಾಪ್ ಮೊಬೈಲ್ ಫೋನಿನ ಹಾಗೆ ಪರದೆ ಆರಿಸಿಕೊಂಡು, ಆಗಾಗ ಎಚ್ಚೆತ್ತು ಇಮೇಲ್, ಅಪ್‌ಡೇಟ್‌ಗಳನ್ನು ವಿಚಾರಿಸಿಕೊಂಡು ಮತ್ತೆ ಮಲಗಬೇಕು. ಒಂದು ಡ್ರೈವರ್ (ಯಂತ್ರದ ಸಾಧನವೊಂದನ್ನು ನಡೆಸುವ ತಂತ್ರಾಂಶ) ಅಥವಾ ಆ್ಯಪ್ ಅದನ್ನು ಮತ್ತೆ ಮಲಗಲು ಬಿಡದಿದ್ದರೆ ಇಡೀ ರಾತ್ರಿ ಬ್ಯಾಟರಿ ಕರಗುತ್ತದೆ.

ಹಾಗಾಗಿ ನಿಮ್ಮ ಯಂತ್ರದಲ್ಲಿರುವುದು ಯಾವ ಬಗೆ ಎಂದು ಮೊದಲು ತಿಳಿದುಕೊಳ್ಳಿ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಅಲ್ಲಿ ಪವರ್ ಎಂಬ ಇಂಗ್ಲಿಷ್ ಪದಕ್ಕೆ ಸಿ, ಎಫ್, ಜಿ ಅಕ್ಷರಗಳನ್ನು ಅಂಟಿಸಿ ಬರೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ (/) ಮತ್ತು ಎ ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಲಭ್ಯವಿರುವ ಸ್ಥಿತಿಗಳ ಪಟ್ಟಿಯಲ್ಲಿ ಎಸ್0 ಲೋ ಪವರ್ ಐಡಲ್ ಎಂದು ಕಂಡರೆ ನಿಮ್ಮದು ಮಾಡರ್ನ್ ಸ್ಟ್ಯಾಂಡ್‌ಬೈ.

ಅಂಥ ಯಂತ್ರದಲ್ಲಿ ಎರಡನೆಯ ಹೆಜ್ಜೆ, ರಾತ್ರಿ ನಡೆದದ್ದೇನೆಂದು ಯಂತ್ರದಿಂದಲೇ ಕೇಳಿ ತಿಳಿಯುವುದು. ಅದೇ ಆದೇಶದಲ್ಲಿ ಎ ಅಕ್ಷರದ ಬದಲು ಸ್ಲೀಪ್‌ಸ್ಟಡಿ ಎಂಬುದನ್ನು ಒಂದೇ ಪದವಾಗಿ ಬರೆದರೆ ವಿಂಡೋಸ್ ಒಂದು ವರದಿ ಸಿದ್ಧಪಡಿಸಿ, ಅದನ್ನು ಉಳಿಸಿದ ಜಾಗವನ್ನು ಪರದೆಯ ಮೇಲೆ ತೋರಿಸುತ್ತದೆ. ಆ ಕಡತವನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಕಳೆದ ಮೂರು ದಿನಗಳ ನಿದ್ರೆಯ ಅವಧಿಗಳು, ಪ್ರತಿ ಅವಧಿಯಲ್ಲಿ ಖರ್ಚಾದ ಚಾರ್ಜ್ ಮತ್ತು ಡ್ರಿಪ್ಸ್ ಎಂಬ ಶೇಕಡಾವಾರು ಅದರಲ್ಲಿರುತ್ತವೆ. ಯಂತ್ರ ಅತ್ಯಂತ ಆಳವಾದ ವಿಶ್ರಾಂತಿಯಲ್ಲಿ ಕಳೆದ ಸಮಯದ ಪಾಲೇ ಈ ಡ್ರಿಪ್ಸ್. ಅದು ಶೇ 90ಕ್ಕಿಂತ ಮೇಲಿದ್ದರೆ ನೆಮ್ಮದಿಯಿಂದಿರಬಹುದು. ತೀರಾ ಕಡಿಮೆಯಿದ್ದರೆ ಆ ಅವಧಿಯ ಮೇಲೆ ಕ್ಲಿಕ್ ಮಾಡಿ, ಟಾಪ್ ಅಫೆಂಡರ್ಸ್ ಪಟ್ಟಿಯನ್ನು ಓದಿ. ವೈಫೈ ಅಡಾಪ್ಟರ್, ಬ್ಲೂಟೂತ್, ಆಡಿಯೊ ಡ್ರೈವರ್, ಯುಎಸ್‌ಬಿ ಸಾಧನ, ಹೀಗೆ ನಿದ್ದೆಗೆಡಿಸಿದ್ದು ಯಾವುದೆಂದು ಅಲ್ಲಿ ತಿಳಿಯುತ್ತದೆ. ಈ ಪಟ್ಟಿಯನ್ನು ನೋಡದೆ ಕಂಡಕಂಡ ಸೆಟ್ಟಿಂಗ್‌ಗಳನ್ನೆಲ್ಲ ಬದಲಿಸುತ್ತ ಹೋಗುವುದು ಸರಿಯಲ್ಲ.

ಎಷ್ಟು ಖರ್ಚಾದರೆ ಹೆಚ್ಚು ಎಂಬ ಪ್ರಶ್ನೆಗೆ ಒಂದು ಲೆಕ್ಕ ನೆರವಾಗುತ್ತದೆ. 50 ವ್ಯಾಟ್‌ಅವರ್‌ ಬ್ಯಾಟರಿಯಲ್ಲಿ ಗಂಟೆಗೆ ಶೇ 1ರಷ್ಟು ಚಾರ್ಜ್ ಇಳಿದರೆ ಯಂತ್ರ ಸರಾಸರಿ ಅರ್ಧ ವ್ಯಾಟ್ ಬಳಸಿದಂತಾಯಿತು. ಎಂಟು ಗಂಟೆಗೆ ಶೇ 8 ಎಂದರೆ ಸಹಿಸಬಹುದಾದ ಮಟ್ಟ. ಗಂಟೆಗೆ ಶೇ 4 ಅಥವಾ 5 ಇಳಿಯುತ್ತಿದ್ದರೆ ಯಂತ್ರ ಮಲಗಿಯೇ ಇಲ್ಲವೆಂದು ತಿಳಿಯಿರಿ.

ಪಟ್ಟಿಯಲ್ಲಿ ಕಂಡ ಸಾಧನದ ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದಲೇ ಇಳಿಸಿ ನವೀಕರಿಸಿ. ಅಲ್ಲೇ ಬಯಾಸ್ (ಯಂತ್ರವನ್ನು ಆರಂಭಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಇದ್ದರೆ ಅದನ್ನೂ ಚಾರ್ಜರ್ ಸಿಕ್ಕಿಸಿಟ್ಟು ಹಾಕಿಕೊಳ್ಳಿ. ಮೌಸ್ ಅಥವಾ ನೆಟ್‌ವರ್ಕ್ ಕಾರ್ಡ್ ಎಬ್ಬಿಸುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ಕಂಪ್ಯೂಟರನ್ನು ಎಬ್ಬಿಸುವ ಅನುಮತಿಯ ಗುರುತನ್ನು ತೆಗೆಯಿರಿ. ವೈರ್‌ಲೆಸ್ ಮೌಸ್‌ನ ಪುಟ್ಟ ರಿಸೀವರನ್ನು ಬ್ಯಾಗಿಗೆ ಹಾಕುವ ಮುನ್ನ ಕಿತ್ತಿಡುವುದೂ ಒಳ್ಳೆಯದು. ಚಾರ್ಜರ್ ಸಿಕ್ಕಿಸಿರುವಾಗ ಮಾಡರ್ನ್ ಸ್ಟ್ಯಾಂಡ್‌ಬೈ ಹಿನ್ನೆಲೆ ಕೆಲಸಗಳಿಗೆ ಹೆಚ್ಚು ಅವಕಾಶ ಕೊಡುವುದರಿಂದ, ಮೊದಲು ಚಾರ್ಜರ್ ತೆಗೆದು ಆಮೇಲೆ ಮುಚ್ಚಳ ಮುಚ್ಚುವ ಅಭ್ಯಾಸ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿದರೂ ರಾತ್ರಿಯಿಡೀ ಬಳಸದ ಯಂತ್ರಕ್ಕೆ ನಾನು ಸೂಚಿಸುವುದು ಹೈಬರ್ನೇಟ್ ಅನ್ನೇ. ಅದು ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಬರೆದು ಯಂತ್ರವನ್ನು ಆರಿಸುತ್ತದೆ. ಮತ್ತೆ ತೆರೆದಾಗ ನಿಮ್ಮ ಕಡತಗಳು ಬಿಟ್ಟಲ್ಲೇ ಇರುತ್ತವೆ. ಎಚ್ಚರಗೊಳ್ಳಲು ಕೆಲವು ಸೆಕೆಂಡು ಹೆಚ್ಚು ಹಿಡಿಯುವುದು, ಡಿಸ್ಕಿನಲ್ಲಿ ಒಂದಿಷ್ಟು ಜಾಗ ಬೇಕಾಗುವುದು ಇದರ ಬೆಲೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಮುಚ್ಚಳ ಮುಚ್ಚಿದಾಗ ಏನಾಗಬೇಕೆಂಬ ಕೊಂಡಿ ತೆರೆದು, ಆನ್ ಬ್ಯಾಟರಿ ಎಂಬಲ್ಲಿ ಹೈಬರ್ನೇಟ್ ಆರಿಸಿ ಉಳಿಸಿ. ಆ ಆಯ್ಕೆ ಕಾಣದಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹಿಂದಿನ ಆದೇಶವನ್ನೇ ಬರೆದು, ಸ್ಲ್ಯಾಶ್‌ನ ನಂತರ ಹೆಚ್ ಅಕ್ಷರ, ಸ್ಪೇಸ್, ಆನ್ ಎಂದು ಸೇರಿಸಿದರೆ ಅದು ಸಕ್ರಿಯವಾಗುತ್ತದೆ. ಬೆಂಗಳೂರಿನಿಂದ ಬೆಳಗಾವಿಗೋ ಮಂಗಳೂರಿಗೋ ರಾತ್ರಿ ಬಸ್ಸಿನಲ್ಲಿ ಹೊರಡುವವರಿಗೆ ಇದರಿಂದ ದೊಡ್ಡ ಅನುಕೂಲವೆಂದರೆ ಬ್ಯಾಗಿನೊಳಗೆ ಯಂತ್ರ ಬಿಸಿಯಾಗುವುದಿಲ್ಲ; ಲಿಥಿಯಂ ಅಯಾನ್ ಬ್ಯಾಟರಿಯ ಆಯಸ್ಸನ್ನು ಬಿಸಿ ಕಡಿಮೆ ಮಾಡುತ್ತದೆ.

ಹೈಬರ್ನೇಟ್ ಮಾಡಿದ ಮೇಲೂ ಚಾರ್ಜ್ ಇಳಿಯುತ್ತಿದ್ದರೆ ಬಯಾಸ್‌ನಲ್ಲಿ ಆಲ್ವೇಸ್ ಆನ್ ಯುಎಸ್‌ಬಿ ಎಂಬಂಥ ಆಯ್ಕೆ ಇದೆಯೇ ನೋಡಿ, ಇದ್ದರೆ ಅದನ್ನು ಆಫ್ ಮಾಡಿ; ಯಂತ್ರ ಆರಿದ್ದಾಗಲೂ ಅದು ಯುಎಸ್‌ಬಿ ಕಿಂಡಿಗೆ ವಿದ್ಯುತ್ ಕೊಡುತ್ತಿರುತ್ತದೆ. ಕೊನೆಯದಾಗಿ, ಅದೇ ಆದೇಶದಲ್ಲಿ ಸ್ಲ್ಯಾಶ್‌ನ ನಂತರ ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಬರೆದು ವರದಿ ಪಡೆದು, ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿಗಳನ್ನು ಹೋಲಿಸಿ. ಮೊದಲನೆಯದು 50,000 ಮಿಲಿವ್ಯಾಟ್‌ಅವರ್ ಇದ್ದು ಎರಡನೆಯದು 25,000ಕ್ಕೆ ಇಳಿದಿದ್ದರೆ ಬ್ಯಾಟರಿಯ ಅರ್ಧ ಸಾಮರ್ಥ್ಯ ಸವೆದಿದೆ ಎಂದರ್ಥ. ಆಗ ಹೊಸ ಬ್ಯಾಟರಿಗೆ ಹಣ ಕೊಡುವುದು ನ್ಯಾಯವೇ.