ನೀರಿನ ಪಕ್ಕದ ದಾರಿ: ಮೈಸೂರು–ಮಂಡ್ಯದ ಕೆರೆ ಏರಿ, ನಾಲೆ ಏರಿಗಳಲ್ಲಿ ಸಲೀಸಾಗಿ ಮೌಂಟೇನ್ ಬೈಕ್ ಓಡಿಸುವುದು

ಮೌಂಟೇನ್ ಬೈಕ್ ಅಂದರೆ ಬೆಟ್ಟವನ್ನೇ ಹತ್ತಬೇಕು ಅಂದುಕೊಳ್ಳುವವರು ಬಹಳ. ಮೈಸೂರಿನಲ್ಲಂತೂ ಹೊಸ ಸೈಕಲ್ ಕೊಂಡ ವಾರದಲ್ಲೇ ಚಾಮುಂಡಿ ಬೆಟ್ಟದ ರಸ್ತೆ ಹಿಡಿದು, ಅರ್ಧದಲ್ಲಿ ಉಸಿರು ಕಟ್ಟಿ, ಸೈಕಲ್ಲನ್ನು ಮನೆಯ ಮೂಲೆ ಸೇರಿಸಿಬಿಡುತ್ತಾರೆ. ಅಗಲ ಟಯರಿನ ಈ ಸೈಕಲ್ಲಿಗೆ ನಮ್ಮ ಸೀಮೆಯಲ್ಲಿ ಹೇಳಿ ಮಾಡಿಸಿದ ದಾರಿ ಇರುವುದು ನಾಲೆ ಏರಿಯ ಮೇಲೆ.

ಕಾರಣ ಸರಳ. ನೀರು ತಾನಾಗಿ ಹರಿಯಬೇಕಾದ್ದರಿಂದ ನಾಲೆಯನ್ನು ನೆಲದ ಮಟ್ಟ ನೋಡಿಯೇ ತೋಡಿರುತ್ತಾರೆ. ಕಿಲೋಮೀಟರಿಗೆ ಒಂದೆರಡು ಅಡಿ ಇಳಿದರೆ ಅದೇ ಹೆಚ್ಚು. ದಿಬ್ಬ ಎದುರಾದರೆ ನಾಲೆ ಹತ್ತುವುದಿಲ್ಲ, ಬಳಸಿಕೊಂಡು ಹೋಗುತ್ತದೆ. ಪಕ್ಕದ ಏರಿಯೂ ಹಾಗೆಯೇ. ಆದ್ದರಿಂದ ಹತ್ತು ಕಿಲೋಮೀಟರ್ ತುಳಿದರೂ ಏರು ಗೊತ್ತಾಗುವುದಿಲ್ಲ. ಮಕ್ಕಳಿಗೆ, ಅರವತ್ತು ದಾಟಿದವರಿಗೆ, ಮೊಣಕಾಲು ನೋವಿರುವವರಿಗೆ ಇದಕ್ಕಿಂತ ಒಳ್ಳೆಯ ಮಣ್ಣುದಾರಿ ಸಿಗುವುದು ಕಷ್ಟ.

ಮೊದಲು ನೀರು ನೋಡಿ

ಯಾವ ದಾರಿ ಅನ್ನುವುದಕ್ಕಿಂತ ಮೊದಲು ನೀರು ಎಷ್ಟಿದೆ ಅನ್ನುವುದನ್ನು ತಿಳಿದುಕೊಳ್ಳಿ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಕೆಆರ್‌ಎಸ್ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ದಿನವೂ ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ. ಮಟ್ಟ ಅದರ ಹತ್ತಿರ ಬಂದು, ಕೊಡಗಿನಲ್ಲಿ ಮಳೆ ಜೋರಾಗಿದ್ದರೆ, ಹೊರಹರಿವು ಒಂದೇ ದಿನದಲ್ಲಿ ಹತ್ತಾರು ಸಾವಿರ ಕ್ಯೂಸೆಕ್‌ಗೆ ಏರಬಹುದು. ಆಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಹತ್ತಿರಕ್ಕೆ ಜನರನ್ನು ಬಿಡುವುದಿಲ್ಲ. ಈ ಎರಡರಲ್ಲಿ ಒಂದು ಸುದ್ದಿ ಕಂಡರೂ ಆ ವಾರ ಹೊಳೆ ದಂಡೆಯ ದಾರಿ ಬಿಟ್ಟು ಕೆರೆಯ ಕಡೆ ಹೋಗಿ.

ನಾಲೆಯ ಲೆಕ್ಕವೇ ಬೇರೆ. ಮುಂಗಾರು ಬೆಳೆಗೆ ನೀರು ಬಿಟ್ಟ ಮೇಲೆ ಕೊಯ್ಲಿನವರೆಗೂ ನಾಲೆಗಳು ತುಂಬಿ ಹರಿಯುತ್ತವೆ. ನೀರು ಕಡಿಮೆಯಿದ್ದ ವರ್ಷ ಕಟ್ಟು ಪದ್ಧತಿಯಲ್ಲಿ, ಅಂದರೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸಿ, ಹರಿಸುತ್ತಾರೆ. ತುಂಬು ನಾಲೆಯ ಏರಿಯಲ್ಲಿ ನೀರು ಜಿನುಗಿ ಹೊರ ಇಳಿಜಾರಿನ ಬುಡ ಕೆಸರಾಗಿರುತ್ತದೆ, ಮೇಲ್ಭಾಗ ಮಾತ್ರ ಗಟ್ಟಿ. ಗದ್ದೆಗಳಿಗೆ ನೀರು ಹಂಚುವ ಊರಿನ ನೀರುಗಂಟಿಯನ್ನು ಕೇಳಿದರೆ ಏರಿ ಎಲ್ಲಿ ಕುಸಿದಿದೆ, ಯಾವ ತೂಬಿನ ಹತ್ತಿರ ಕೊಚ್ಚಿದೆ ಅನ್ನುವುದನ್ನು ಹೇಳಿಬಿಡುತ್ತಾರೆ. ಮೊಬೈಲಿನ ಮ್ಯಾಪಿಗಿಂತ ಆ ಮಾತನ್ನು ನಂಬಿ.

ಒಟ್ಟಾರೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ನಂತರ ಬೆಳಿಗ್ಗೆ ಒಂಬತ್ತೂವರೆಯೊಳಗೆ ಮುಗಿಸಿ. ಆದರೆ ಕತ್ತಲಿರುವಾಗ ಹೊರಡಬೇಡಿ. ಕಬ್ಬಿನ ಗದ್ದೆಗಳ ಸುತ್ತ ಚಿರತೆ ಓಡಾಟ ಎರಡೂ ಜಿಲ್ಲೆಗಳಲ್ಲಿದೆ. 2022ರ ಕೊನೆಯಲ್ಲಿ ಚಿರತೆಯ ಕಾರಣಕ್ಕೆ ಬೃಂದಾವನವನ್ನೇ ಮುಚ್ಚಬೇಕಾಗಿತ್ತು. ಸೂರ್ಯ ಹುಟ್ಟಿದ ಮೇಲೆ ಏರಿ ಹತ್ತಿ, ಮುಳುಗುವ ಮೊದಲು ಟಾರು ರಸ್ತೆ ಸೇರಿ.

ಸೈಕಲ್ ಸಜ್ಜು

ದುಬಾರಿ ಸೈಕಲ್ ಬೇಕಿಲ್ಲ. ಮುಂದೆ 80ರಿಂದ 100 ಮಿ.ಮೀ. ಸಸ್ಪೆನ್ಷನ್, ಹಿಂದೆ ಏನೂ ಇಲ್ಲದ ಹಾರ್ಡ್‌ಟೇಲ್ ಧಾರಾಳವಾಗಿ ಸಾಕು. ಟಯರ್ 2.0ರಿಂದ 2.25 ಇಂಚು ಅಗಲ ಇರಲಿ. ಸೀಟನ್ನು ಮೊದಲು ಸರಿಯಾದ ಎತ್ತರಕ್ಕೆ ತನ್ನಿ: ಪೆಡಲ್ ತೀರಾ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಏರಿಯ ಮೇಲೆ ಹೋಗುವಾಗ ಅದರಿಂದ ಎರಡು ಸೆಂ.ಮೀ. ಇಳಿಸಿ, ಕಾಲು ಬೇಗ ನೆಲಕ್ಕೆ ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ಗಾಳಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಟಯರ್ ಕಲ್ಲಿನಂತೆ ಗಟ್ಟಿಯಾಗುವವರೆಗೆ ತುಂಬಿ ಕಳಿಸುತ್ತಾರೆ. ಅಷ್ಟು ಗಾಳಿಯಲ್ಲಿ ಏರಿಯ ಜಲ್ಲಿಯ ಮೇಲೆ ಸೈಕಲ್ ಪುಟಿಯುತ್ತದೆ, ಮುಂದಿನ ಗಾಲಿ ಜಾರುತ್ತದೆ, ಕೈ ಜೋಮು ಹಿಡಿಯುತ್ತದೆ. ಟ್ಯೂಬ್ ಇರುವ 2.1–2.2 ಇಂಚಿನ ಟಯರಿಗೆ, ಸವಾರರ ತೂಕ 60 ಕೆ.ಜಿ. ಇದ್ದರೆ ಮುಂದೆ 26, ಹಿಂದೆ 28 ಪಿಎಸ್‌ಐ (ಪಂಪಿನ ಮೀಟರಿನಲ್ಲಿ ಕಾಣುವ ಗಾಳಿ ಒತ್ತಡದ ಅಳತೆ), 75 ಕೆ.ಜಿ.ಗೆ 29 ಮತ್ತು 31, 90 ಕೆ.ಜಿ.ಗೆ 33 ಮತ್ತು 35. ಇಲ್ಲಿಂದ ಶುರು ಮಾಡಿ ಒಂದೆರಡು ಪಿಎಸ್‌ಐ ಹೆಚ್ಚುಕಡಿಮೆ ಮಾಡಿ ನೋಡಿ. ತೀರಾ ಇಳಿಸಿದರೆ ತೂಬಿನ ಕಾಂಕ್ರೀಟ್ ಅಂಚಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ಅಂಚಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳುತ್ತದೆ. ಒಂದೇ ತೂತಿದ್ದರೆ ಮುಳ್ಳು, ಜೋಡಿ ಸೀಳಿದ್ದರೆ ಗಾಳಿ ಕಡಿಮೆ. ಹಾಗಾದಾಗ ಮೂರು ಪಿಎಸ್‌ಐ ಏರಿಸಿ.

ಜೊತೆಗೆ ಇರಬೇಕಾದವು: ಎರಡು ಬಿಡಿ ಟ್ಯೂಬ್, ಪ್ಯಾಚ್ ಮತ್ತು ಸಲ್ಯೂಷನ್, ಎರಡು ಟಯರ್ ಲಿವರ್, ಕೈಪಂಪು, ಅಲೆನ್ ಕೀ ಸೆಟ್, ಸಣ್ಣ ಚಿಮಟ. ಟ್ಯೂಬಿನ ವಾಲ್ವ್ ತೆಳ್ಳನೆಯ ಪ್ರೆಸ್ಟಾ ಆಗಿದ್ದರೆ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಹಳ್ಳಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮೋಟಾರ್ ಬೈಕಿನಂಥ ದಪ್ಪ ವಾಲ್ವಿಗಷ್ಟೇ ಕೂರುತ್ತದೆ. ನೀರು ಗಂಟೆಗೆ ಮುಕ್ಕಾಲು ಲೀಟರ್ ಲೆಕ್ಕ.

ದಾರಿಗಳು

ಮೊದಲ ಸಲ ಹೋಗುವವರಿಗೆ ಶ್ರೀರಂಗಪಟ್ಟಣ ದ್ವೀಪದ ಸುತ್ತು. ರಂಗನಾಥಸ್ವಾಮಿ ದೇವಸ್ಥಾನದಿಂದ ಹೊರಟು ದರಿಯಾ ದೌಲತ್, ಗುಂಬಜ್ ದಾಟಿ ಸಂಗಮ, ವಾಪಸ್ ಬರುವಾಗ ಗಂಜಾಂ ನಿಮಿಷಾಂಬ. ಒಟ್ಟು ಸುಮಾರು 10–12 ಕಿ.ಮೀ. ಮುಖ್ಯ ದಾರಿ ಟಾರು, ಆದರೆ ಗದ್ದೆಗಳ ಕಡೆಗೆ ಒಡೆಯುವ ಗಾಡಿದಾರಿಗಳಲ್ಲಿ ಮಣ್ಣಿನ ಅಭ್ಯಾಸ ಮಾಡಿಕೊಳ್ಳಬಹುದು. ಭಾನುವಾರ, ಅಮಾವಾಸ್ಯೆ, ಹುಣ್ಣಿಮೆಗಳಂದು ನಿಮಿಷಾಂಬ ಮತ್ತು ಸಂಗಮದ ಕಡೆ ಕಾರು, ಟೆಂಪೊಗಳದ್ದೇ ಸಾಲು. ವಾರದ ನಡುವೆ ಹೋಗಿ. ಸಂಗಮದಲ್ಲಿ ನೀರಿಗಿಳಿಯಬೇಡಿ, ಮೇಲೆ ಶಾಂತವಾಗಿ ಕಂಡರೂ ಸುಳಿ ಇದೆ.

ಮೈಸೂರಿನಿಂದಲೇ ಸೈಕಲ್ಲಿನಲ್ಲಿ ಬರುವವರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥ ಹತ್ತುವಂತಿಲ್ಲ. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕ್, ಆಟೊ, ಸೈಕಲ್ಲುಗಳಿಗೆ ನಿಷೇಧವಿದೆ; ಸರ್ವಿಸ್ ರಸ್ತೆಯೇ ಗತಿ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಶ್ರೀರಂಗಪಟ್ಟಣ ಸುಮಾರು 680. ಹೋಗುವಾಗ ಸಲೀಸಾಗಿ ಸಾಗಿತು ಅಂತ ದೂರ ಸುತ್ತಿದರೆ, ವಾಪಸ್ಸಿನ ಹದಿನೈದು ಕಿ.ಮೀ. ಬಿಸಿಲಿನಲ್ಲಿ ಏರು. ಆ ಶಕ್ತಿ ಉಳಿಸಿಕೊಳ್ಳಿ.

ಎರಡನೆಯದು, ನಮ್ಮ ಮಟ್ಟಿಗೆ ಈ ಸೀಮೆಯ ಅತ್ಯುತ್ತಮ ದಾರಿ: ಶ್ರೀರಂಗಪಟ್ಟಣದಿಂದ ಪಾಲಹಳ್ಳಿ, ಬೆಳಗೊಳ ಮೇಲೆ ಬಲಮುರಿ. ಕೆಆರ್‌ಎಸ್ ಕಟ್ಟುವ ಎಷ್ಟೋ ಮೊದಲಿನ ವಿರಿಜಾ, ಚಿಕ್ಕದೇವರಾಜಸಾಗರ, ಬಂಗಾರದೊಡ್ಡಿ ನಾಲೆಗಳು ಪಟ್ಟಣದ ಸುತ್ತಮುತ್ತಲೇ ಹರಿಯುತ್ತವೆ. ಅವು ಬಾಗಿ ಬಳುಕಿ ಹೋಗುವುದರಿಂದ ಏರಿಯ ಮೇಲೆ ನೆರಳೂ ಇದೆ, ತೆಂಗು, ಬಾಳೆ, ಭತ್ತದ ಗದ್ದೆಯೂ ಉದ್ದಕ್ಕೂ ಸಿಗುತ್ತವೆ. ಬೆಳಿಗ್ಗೆ ಪಶ್ಚಿಮಕ್ಕೆ, ಅಂದರೆ ಬಲಮುರಿ ಕಡೆಗೆ, ಹೋಗಿ. ಮರಳುವಾಗ ನಾಲೆಯ ಹರಿವು ನಿಮ್ಮ ಜೊತೆಗೇ ಇರುತ್ತದೆ; ಮುಂಗಾರಿನಲ್ಲಾದರೆ ಪಶ್ಚಿಮದಿಂದ ಬೀಸುವ ಗಾಳಿಯೂ ಬೆನ್ನಿಗಿರುತ್ತದೆ. ರಂಗನತಿಟ್ಟಿನ ಹತ್ತಿರ ಹೊಳೆ ದಂಡೆಗೆ ಇಳಿಯಲೇಬೇಡಿ: ಅಲ್ಲಿನ ಮೊಸಳೆಗಳು ಬಂಡೆಯ ಮೇಲೂ ಮಲಗುತ್ತವೆ, ದಂಡೆಯ ಹುಲ್ಲಿನಲ್ಲೂ ಮಲಗುತ್ತವೆ.

ಕೆರೆ ಬೇಕೆಂದರೆ ಪಾಂಡವಪುರದ ಆಚೆಯ ತೊಣ್ಣೂರು ಕೆರೆ. ಪಾಂಡವಪುರದವರೆಗೆ ಸೈಕಲ್ಲನ್ನು ಕಾರಿನಲ್ಲಿ ಹಾಕಿಕೊಂಡು ಹೋಗಿ, ಅಲ್ಲಿಂದ ತುಳಿಯಿರಿ. ಗುಡ್ಡಗಳ ನಡುವೆ ಕಟ್ಟಿದ ಏರಿ, ತಿಳಿ ನೀರು. ದಾರಿಯಲ್ಲಿ ಸಣ್ಣಪುಟ್ಟ ಏರಿಳಿತ ಇರುವುದರಿಂದ ಗೇರ್ ಬಳಸುವುದು ಕಲಿಯಲು ಒಳ್ಳೆಯ ಜಾಗ. ಮೈಸೂರಿಗೆ ಹತ್ತಿರದಲ್ಲಿ ತಿ. ನರಸೀಪುರ ರಸ್ತೆಯ ವರುಣಾ ಕೆರೆ ಅರ್ಧ ದಿನಕ್ಕೆ ಸಾಕು.

ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳ ಒಳದಾರಿ ನಡೆಯುವವರದು. ಅಲ್ಲಿ ಸೈಕಲ್ ನುಗ್ಗಿಸಬೇಡಿ.

ಇನ್ನು ವಿಶ್ವೇಶ್ವರಯ್ಯ ನಾಲೆ. ಮುಖ್ಯ ನಾಲೆಯ ಏರಿ ಅಗಲವಾಗಿದೆ, ನೇರವಾಗಿದೆ, ಓಡಿಸಲು ಆಸೆಯಾಗುತ್ತದೆ. ಆದರೆ ಹೊಸಬರಿಗೆ, ಮಕ್ಕಳಿಗೆ ಬೇಡ. ನೀರು ಆಳ, ಸೆಳೆತ ಜೋರು, ಕಾಂಕ್ರೀಟ್ ಹಾಕಿದ ಇಳಿಜಾರಿನಲ್ಲಿ ಪಾಚಿ. ಈಜು ಬಂದವರೂ ಹತ್ತಿ ಬರಲಾರರು. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಪ್ರಾಣ ಕಳೆದುಕೊಂಡರು. ಹುಲಿಕೆರೆಯಲ್ಲಿ ನಾಲೆ ಸುರಂಗ ಸೇರುವುದರಿಂದ ಏರಿ ಹಿಡಿದು ಉದ್ದಕ್ಕೂ ಹೋಗಲೂ ಆಗುವುದಿಲ್ಲ. ಅದರ ಬದಲು ಊರೊಳಗೆ ಹರಿಯುವ ಕವಲು ನಾಲೆಗಳನ್ನು ಆರಿಸಿಕೊಳ್ಳಿ.

ಏರಿಯ ಮೇಲೆ

ನಿಯಮ ಒಂದೇ: ನೀರಿನ ಅಂಚಿನಿಂದ ದೂರದ ಜಾಡು ಹಿಡಿಯಿರಿ. ಅಂಚಿನ ಮಣ್ಣಿನಡಿ ಏಡಿ, ಹೆಗ್ಗಣ ಕೊರೆದ ಬಿಲ ಇರುತ್ತದೆ, ಮೇಲಿನ ಹುಲ್ಲು ಅದನ್ನು ಮುಚ್ಚಿರುತ್ತದೆ. ನಿಲ್ಲುವಾಗಲೂ ಇಳಿಯುವಾಗಲೂ ಗದ್ದೆಯ ಕಡೆಗೇ ಕಾಲು ಹಾಕಿ. ಗದ್ದೆಗೆ ಬಿದ್ದರೆ ಬಟ್ಟೆ ಕೆಸರಾಗುತ್ತದೆ ಅಷ್ಟೇ.

ಟ್ರ್ಯಾಕ್ಟರ್ ಗಾಲಿಯ ಜಾಡು ಒಣಗಿ ಗಟ್ಟಿಯಾಗಿದ್ದರೆ ಅದೊಂದು ಹಳಿಯ ಹಾಗೆ. ಒಳಗೆ ಹೋದ ಮೇಲೆ ಓರೆಯಾಗಿ ಹೊರಬರಲು ನೋಡಿದರೆ ಮುಂದಿನ ಗಾಲಿ ಸಿಕ್ಕಿಕೊಂಡು ಬೀಳಿಸುತ್ತದೆ. ಹತ್ತಾರು ಅಡಿ ಮೊದಲೇ ತೀರ್ಮಾನಿಸಿ: ಜಾಡಿನೊಳಗೋ, ನಡುವಿನ ದಿಣ್ಣೆಯ ಮೇಲೋ. ಬದಲಿಸಲೇಬೇಕಾದರೆ ನಿಂತು, ಸೈಕಲ್ ಎತ್ತಿಟ್ಟು ಮುಂದುವರಿಯಿರಿ. ಮರಳು ಸಿಕ್ಕಾಗ ಮುಂದಿನ ಬ್ರೇಕ್ ಮುಟ್ಟಬೇಡಿ. ಒಂದು ಗೇರ್ ಹಗುರ ಮಾಡಿ, ಮೈಭಾರ ಹಿಂದಕ್ಕೆ ಹಾಕಿ, ತುಳಿಯುತ್ತಲೇ ಇರಿ.

ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ಇಳಿದು, ಏರಿಯಿಂದ ಪೂರ್ತಿ ಕೆಳಗೆ ಹೋಗಿ ನಿಲ್ಲಿ. ತಿರುವಿನಲ್ಲಿ ಹಿಂದಿನ ಟ್ರೈಲರ್ ಒಳಕ್ಕೆ ಎಳೆಯುತ್ತದೆ, ಚಾಲಕನಿಗೆ ಅದು ಕಾಣುವುದಿಲ್ಲ. ಕುರಿ ಮಂದೆಗೆ ಬೆಲ್ ಹೊಡೆಯಬೇಡಿ, ಬೆದರಿ ನಾಲೆಗೆ ಹಾರುತ್ತವೆ. ಕುರಿಯವರಿಗೆ ಒಂದು ಮಾತು ಹೇಳಿದರೆ ಅವರೇ ದಾರಿ ಮಾಡಿಕೊಡುತ್ತಾರೆ. ಮೆಟ್ಟಿಲಿನಲ್ಲಿ ಬಟ್ಟೆ ಒಗೆಯುವ ಹೆಂಗಸರಿರುವ ಕಡೆ ಕ್ಯಾಮೆರಾ ತೆಗೆಯದೆ ಸುಮ್ಮನೆ ದಾಟಿ ಹೋಗಿ.

ಕೆಡುವುದು ಎಲ್ಲಿ, ಯಾಕೆ

ಪಂಕ್ಚರಿಗೆ ಮುಖ್ಯ ಕಾರಣ ಬಳ್ಳಾರಿ ಜಾಲಿ ಮುಳ್ಳು. ಅದು ಟಯರಿನೊಳಗೆ ಮುರಿದು ಉಳಿಯುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಹಾಗೆಯೇ ಹೊಸ ಟ್ಯೂಬ್ ಹಾಕಿದರೆ ಒಂದು ಕಿಲೋಮೀಟರಿನಲ್ಲಿ ಅದೂ ಹೋಗುತ್ತದೆ. ಟ್ಯೂಬ್ ತೆಗೆದ ಮೇಲೆ ಅದಕ್ಕೆ ಗಾಳಿ ತುಂಬಿ ತೂತು ಎಲ್ಲಿದೆ ನೋಡಿ, ವಾಲ್ವಿನಿಂದ ಎಷ್ಟು ದೂರ ಅಂತ ಅಳೆದು ಟಯರಿನ ಅದೇ ಜಾಗ ಹುಡುಕಿ. ಒಳಮೈಯ ಮೇಲೆ ಬೆರಳಲ್ಲ, ಹತ್ತಿ ಬಟ್ಟೆ ಎಳೆಯಿರಿ. ಮುಳ್ಳಿನ ಮೊನೆಗೆ ನೂಲು ಸಿಕ್ಕಿಕೊಳ್ಳುತ್ತದೆ. ಚಿಮಟದಿಂದ ಕಿತ್ತ ಮೇಲೆ ಇನ್ನೊಂದು ಸುತ್ತು ಬಟ್ಟೆ ಎಳೆಯಿರಿ, ಎರಡನೆಯದು ಇದ್ದೇ ಇರುತ್ತದೆ.

ಡಿಸೆಂಬರ್, ಜನವರಿಯಲ್ಲಿ ಇನ್ನೊಂದು ತೊಂದರೆ: ರಸ್ತೆಯ ಮೇಲೆ ಒಕ್ಕಲು ಹಾಕಿದ ರಾಗಿ, ಹುರುಳಿ. ಸೊಪ್ಪಿನ ಬಳ್ಳಿ ಹಿಂದಿನ ಡಿರೇಲರಿನ (ಗೇರ್ ಬದಲಿಸಲು ಚೈನನ್ನು ಸರಿಸುವ ಭಾಗ) ಪುಟ್ಟ ಹಲ್ಲುಗಾಲಿಗೆ ಸುತ್ತಿಕೊಂಡರೆ, ಅದು ಡಿರೇಲರನ್ನೇ ಗಾಲಿಯ ಕಡ್ಡಿಗಳೊಳಗೆ ಎಳೆದು, ಅದನ್ನು ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ. ಪೆಡಲ್ ಸ್ವಲ್ಪ ಬಿಗಿಯಾಯಿತೆನಿಸಿದ ತಕ್ಷಣ ತುಳಿಯುವುದು ನಿಲ್ಲಿಸಿ, ಇಳಿದು, ಪೆಡಲನ್ನು ಹಿಂದಕ್ಕೆ ತಿರುಗಿಸಿ ಬಿಡಿಸಿ. ಎರಡು ಹೆಜ್ಜೆ ನಡೆದು ದಾಟುವುದೇ ಲೇಸು.

ಕೆಆರ್‌ಎಸ್ ಹಿನ್ನೀರಿನ ಮೀನಾಕ್ಷಿಪುರ, ಆನಂದೂರು ಕಡೆ ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಬಯಲು ಕಾಣುತ್ತದೆ. ಬಿರುಕು ಬಿಟ್ಟ ಮೇಲ್ಪದರ ಒಣಗಿದ ಹಾಗೆ ಕಂಡರೂ ನೀರಿನ ಹತ್ತಿರ ಅದರಡಿ ಮೆದು ಕೆಸರಿರುತ್ತದೆ. ಹಿಮ್ಮಡಿಯಿಂದ ಜೋರಾಗಿ ಒತ್ತಿ ನೋಡಿ. ನೀರು ಜಿನುಗಿದರೆ ಅಲ್ಲೇ ತಿರುಗಿ. ಹುಲ್ಲು ಬೆಳೆದ ಜಾಗದಲ್ಲೇ ಸೈಕಲ್ ಓಡಿಸಿ.

ಮನೆಗೆ ಬಂದ ಮೇಲೆ ಪ್ರೆಶರ್ ವಾಷಿಗೆ ಕೊಡಬೇಡಿ, ಗಾಲಿಯ ನಡುವಿನ ಬೇರಿಂಗಿನೊಳಗೆ ನೀರು ನುಗ್ಗುತ್ತದೆ. ಕೆಸರು ಒಣಗಲಿ, ಬ್ರಷ್ಷಿನಿಂದ ಉದುರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಚೈನಿನ ಪ್ರತಿ ಕೊಂಡಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಹತ್ತು ನಿಮಿಷ ಬಿಟ್ಟು, ಹೊರಗಿನ ಎಣ್ಣೆ ಪೂರ್ತಿ ಒರೆಸಿ ತೆಗೆಯಿರಿ. ಹೊರಗೆ ಉಳಿದ ಎಣ್ಣೆಗೆ ಏರಿಯ ದೂಳು ಅಂಟಿದರೆ ಚೈನು ಬೇಗ ಸವೆಯುತ್ತದೆ.